ಹತ್ತು ಲಕ್ಷಕ್ಕೊಂದು ಗಂಟೆ: ಅಪರೂಪದ ಅಪಾಯವನ್ನು ಲೆಕ್ಕಕ್ಕೆ ತರುವ ದಾರಿಗಳು

1998ರ ಅಕ್ಟೋಬರ್ ಕೊನೆಯಲ್ಲಿ ತೈವಾನಿನ ಕಾವೋಷಿಯುಂಗ್ ಬಂದರಿನಿಂದ ಅಮೆರಿಕದ ಸಿಯಾಟಲ್‌ಗೆ ಹೊರಟಿದ್ದ 'ಎಪಿಎಲ್ ಚೈನಾ' ಎಂಬ ಕಂಟೇನರ್ ಹಡಗು ಉತ್ತರ ಪೆಸಿಫಿಕ್‌ನಲ್ಲಿ ಬಿರುಗಾಳಿಗೆ ಸಿಕ್ಕಿತು. 262 ಮೀಟರ್ ಉದ್ದದ ಹಡಗು. ನಾವಿಕರು ಅಂಥ ಹೊತ್ತಿನಲ್ಲಿ ಮಾಡಬೇಕಾದುದನ್ನೇ ಮಾಡಿದ್ದರು: ವೇಗ ಇಳಿಸಿ, ಹಡಗಿನ ಮೂತಿಯನ್ನು ಅಲೆಗಳಿಗೆ ಎದುರಾಗಿ ಹಿಡಿದಿದ್ದರು. ಅಲೆ ಎದುರಿನಿಂದ ಬಂದಾಗ ಹಡಗು ಹಿಂದೆ ಮುಂದೆ ತೂಗುತ್ತದೆ, ಅಕ್ಕಪಕ್ಕಕ್ಕೆ ಹೆಚ್ಚು ವಾಲುವುದಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಈ ಹಡಗು 35ರಿಂದ 40 ಡಿಗ್ರಿವರೆಗೆ ವಾಲಿತು. ಡೆಕ್ಕಿನ ಮೇಲಿದ್ದ ಸುಮಾರು 1,300 ಕಂಟೇನರ್‌ಗಳಲ್ಲಿ ಮೂರನೆಯ ಒಂದು ಪಾಲು ಸಮುದ್ರಕ್ಕೆ ಬಿತ್ತು, ಇನ್ನೊಂದು ಪಾಲು ಜಜ್ಜಿಹೋಯಿತು.

ಆಮೇಲಿನ ಅಧ್ಯಯನಗಳು ಕಾರಣವನ್ನು ಕಂಡುಕೊಂಡವು. ಆ ಕಾರಣಕ್ಕೆ ಮುಂದೆ ಬರೋಣ. ಕಾರಣ ತಿಳಿದ ಮೇಲೂ ಉಳಿದ ಪ್ರಶ್ನೆಯೇ ಈ ಲೇಖನದ ವಿಷಯ: ಇಂಥದ್ದು ಎಷ್ಟು ಕಾಲಕ್ಕೊಮ್ಮೆ ನಡೆದೀತು? ಹಡಗು ಕಟ್ಟುವ ಮುಂಚೆಯೇ ಉತ್ತರ ಬೇಕು, ಆದರೆ ಇನ್ನೂ ಕಟ್ಟದ ಹಡಗಿಗೆ ದಾಖಲೆ ಎಲ್ಲಿಂದ ಬರಬೇಕು? ಹಾಗಾಗಿ ಕಂಪ್ಯೂಟರಿನೊಳಗೇ ಸಮುದ್ರ ಕಟ್ಟಿ, ಹಡಗು ತೇಲಿಸಿ, ಬಿರುಗಾಳಿ ಎಬ್ಬಿಸಿ ನೋಡುತ್ತಾರೆ. 'ಮಗ ಶಿಪ್ಪಿನಲ್ಲಿದ್ದಾನೆ' ಎನ್ನುವ ಮನೆಗಳು ಮಂಗಳೂರು, ಉಡುಪಿ ಕಡೆ ಬಹಳ ಇವೆ. ಈ ಲೆಕ್ಕ ಸರಿಯಾಗಿರಲಿ ಎಂದು ಬಯಸಲು ಆ ಮನೆಗಳಿಗೆ ತಮ್ಮದೇ ಕಾರಣವಿದೆ.

ಹತ್ತು ಕೋಟಿ ಬಿರುಗಾಳಿ

ಕಂಪ್ಯೂಟರಿನಲ್ಲಿ ಸಮುದ್ರ ಕಟ್ಟುವ ವಿಧಾನ ಹಳೆಯದು. ಬೇರೆ ಬೇರೆ ಉದ್ದ, ಎತ್ತರದ ನೂರಾರು ಸರಳ ಅಲೆಗಳನ್ನು ಯಾದೃಚ್ಛಿಕವಾಗಿ ಒಂದರ ಮೇಲೊಂದು ಕೂಡಿಸಿದರೆ ನಿಜದ ಕಡಲಿಗೆ ಹತ್ತಿರವಾದ ಮೇಲ್ಮೈ ಸಿಗುತ್ತದೆ. 1953ರಲ್ಲಿ ಸೇಂಟ್ ಡೆನಿಸ್ ಮತ್ತು ಪಿಯರ್ಸನ್ ಹಡಗಿನ ಚಲನೆಯನ್ನು ಹೀಗೆ ಲೆಕ್ಕ ಹಾಕಬಹುದೆಂದು ತೋರಿಸಿದರು. ತೊಡಕು ಬರುವುದು ಎಣಿಕೆಯಲ್ಲಿ.

ಒಂದು ಗಂಟೆಯ ಬಿರುಗಾಳಿಯಲ್ಲಿ ಹಡಗು ಅಪಾಯದ ಕೋನ ದಾಟುವ ಸಂಭವ ಹತ್ತು ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಈ ಅಂಕಿಯನ್ನು ಶೇ 10ರ ಆಚೀಚೆಯೊಳಗೆ ಹಿಡಿಯಬೇಕಾದರೆ ಅಂಥ ಘಟನೆ ಸುಮಾರು ನೂರು ಸಲ ಕಣ್ಣಿಗೆ ಬೀಳಬೇಕು. ಅಂದರೆ ಹತ್ತು ಕೋಟಿ ಗಂಟೆಗಳ ಬಿರುಗಾಳಿ. ಕಡಲಿನಲ್ಲಿ ಒಂದು ಗಂಟೆ ಆಗುವುದನ್ನು ಲೆಕ್ಕ ಹಾಕಲು ಕಂಪ್ಯೂಟರಿಗೂ ಒಂದು ಗಂಟೆಯೇ ಬೇಕೆಂದರೆ ಒಟ್ಟು 11,400 ವರ್ಷ. ಸಾವಿರ ಕಂಪ್ಯೂಟರ್ ಕೂಡಿಸಿದರೆ 11 ವರ್ಷ. ಅದೂ ಒಂದು ವೇಗ, ಒಂದು ದಿಕ್ಕು, ಒಂದು ಬಗೆಯ ಕಡಲಿಗೆ ಮಾತ್ರ. ನೀರಿನ ಹರಿವನ್ನು ಪೂರ್ತಿಯಾಗಿ ಬಿಡಿಸುವ ಸಿಮ್ಯುಲೇಷನ್‌ಗಳು ಇದಕ್ಕಿಂತಲೂ ಎಷ್ಟೋ ನಿಧಾನ.

ಇನ್ನೊಂದು ತುದಿಯಲ್ಲಿ ಅಗ್ಗದ ಮಾದರಿಗಳಿವೆ. ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುವ ಸಂಶೋಧಕರು 'ಲ್ಯಾಂಪ್' ಎಂಬ ಪ್ರೋಗ್ರಾಮನ್ನು ಬಳಸುತ್ತಾರೆ. ಹಡಗಿನ ಮೈಮೇಲೆ ನೀರಿನ ಒತ್ತಡ ಹೇಗೆ ಬದಲಾಗುತ್ತದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಬಿಡಿಸುತ್ತದೆ. ಅದರ ಪಕ್ಕಕ್ಕೆ 'ಸಿಂಪಲ್‌ಕೋಡ್' ಎಂಬ ಹಗುರ ಪ್ರೋಗ್ರಾಮನ್ನೂ ಬರೆದಿಟ್ಟುಕೊಂಡಿದ್ದಾರೆ. ಹಲವು ಗಂಟೆಗಳ ಪಯಣವನ್ನು ಅದು ಸೆಕೆಂಡುಗಳಲ್ಲಿ ಮುಗಿಸುತ್ತದೆ, ಉತ್ತರ ಮಾತ್ರ ಒರಟು. ಕೋಟಿಗಟ್ಟಲೆ ಒರಟು ಉತ್ತರ, ಕೆಲವೇ ನೂರು ನಯವಾದ ಉತ್ತರ: ಇವೆರಡನ್ನೂ ಇಟ್ಟುಕೊಂಡು ನಂಬಬಹುದಾದ ಒಂದು ಅಂಕಿಗೆ ಬರುವುದು ಹೇಗೆ ಎಂಬುದು ಈಗ ನಡೆಯುತ್ತಿರುವ ಚರ್ಚೆ.

ಮೂರು ಊರುಗಳಿಂದ ಬಂದ ಹೊಳೆಗಳು

ಈ ಚರ್ಚೆಗೆ ಮೂರು ಕಡೆಯಿಂದ ನೀರು ಹರಿದುಬಂದಿದೆ. ಮೊದಲನೆಯದು ಪ್ರವಾಹದ ಲೆಕ್ಕ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್‌ಲ್ಯಾಂಡ್ಸ್‌ನ ತಡೆಗೋಡೆಗಳು ಒಡೆದವು. ಆ ದೇಶವೊಂದರಲ್ಲೇ 1,836 ಜನ ಸತ್ತರು. ಹುಕ್ ಆಫ್ ಹಾಲೆಂಡ್‌ನಲ್ಲಿ ನೀರು ಅಲ್ಲಿನ ಮೂಲಮಟ್ಟಕ್ಕಿಂತ 3.85 ಮೀಟರ್ ಏರಿತ್ತು. ಗೋಡೆ ಇನ್ನು ಎಷ್ಟು ಎತ್ತರವಿರಬೇಕು ಎಂದು ಹೇಳಲು ಸರ್ಕಾರ ಡೆಲ್ಟಾ ಸಮಿತಿಯನ್ನು ನೇಮಿಸಿತು. ಗಣಿತಜ್ಞ ಡಿ. ವಾನ್ ಡಾಂಟ್ಸಿಕ್ 1956ರಲ್ಲಿ ಗೋಡೆಯ ಖರ್ಚನ್ನೂ ಮುಳುಗಡೆಯ ನಷ್ಟವನ್ನೂ ಒಂದೇ ತಕ್ಕಡಿಗೆ ಹಾಕಿದರು. ಮಧ್ಯ ಹಾಲೆಂಡಿಗೆ ಕೊನೆಗೆ ನಿಗದಿಯಾದ ಮಟ್ಟ, ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೀರು: 5 ಮೀಟರ್. ಕೈಯಲ್ಲಿದ್ದ ದಾಖಲೆ ಒಂದು ಶತಮಾನದ್ದೂ ಅಲ್ಲ. ಉಳಿದುದನ್ನು ಸಿದ್ಧಾಂತ ತುಂಬಿಕೊಡಬೇಕಿತ್ತು. 1928ರಲ್ಲಿ ಫಿಶರ್ ಮತ್ತು ಟಿಪ್ಪೆಟ್ ಆರಂಭಿಸಿ, 1943ರಲ್ಲಿ ಗ್ನೆಡೆಂಕೊ ಗಟ್ಟಿಗೊಳಿಸಿ, ಗುಂಬೆಲ್ 1958ರ ತಮ್ಮ ಗ್ರಂಥದ ಮೂಲಕ ಎಂಜಿನಿಯರುಗಳ ಕೈಗೆ ತಲುಪಿಸಿದ ಗರಿಷ್ಠಗಳ ಸಿದ್ಧಾಂತ ಅದು.

ಎರಡನೆಯದು ಅಣುಬಾಂಬಿನ ಕಾಲದ್ದು. ದಪ್ಪ ಕವಚವನ್ನು ತೂರಿ ಆಚೆಗೆ ಹೋಗುವ ಕಣಗಳು ತೀರಾ ವಿರಳ. ಅವನ್ನು ಮಾಂಟೆ ಕಾರ್ಲೊ ವಿಧಾನದಲ್ಲಿ, ಅಂದರೆ ಯಾದೃಚ್ಛಿಕ ಓಟಗಳನ್ನು ಮತ್ತೆ ಮತ್ತೆ ಓಡಿಸಿ, ಎಣಿಸಲು ಹೊರಟವರು ಈ ವಿರಳತೆಯ ಗೋಡೆಗೇ ಡಿಕ್ಕಿ ಹೊಡೆದರು. ಕವಚದೊಳಗೆ ಸ್ವಲ್ಪ ಮುಂದೆ ಸಾಗಿದ ಕಣವನ್ನು ಹಲವು ನಕಲುಗಳಾಗಿ ಒಡೆದು, ಪ್ರತಿ ನಕಲಿಗೂ ಕಡಿಮೆ ತೂಕ ಕೊಟ್ಟು ಮುಂದೆ ಬಿಡುವ ಉಪಾಯವನ್ನು ಕಾನ್ ಮತ್ತು ಹ್ಯಾರಿಸ್ 1951ರಲ್ಲಿ ಪ್ರಕಟಿಸಿದರು.

ಮೂರನೆಯದು ತೀರಾ ಇತ್ತೀಚಿನದು. 2000ದಲ್ಲಿ ಕೆನಡಿ ಮತ್ತು ಒಹೇಗನ್ ಒಂದು ಸರಳ ಸೂತ್ರ ಮುಂದಿಟ್ಟರು: ದುಬಾರಿ ಮಾದರಿಯ ಉತ್ತರವೆಂದರೆ ಅಗ್ಗದ ಮಾದರಿಯ ಉತ್ತರವನ್ನು ಒಂದು ಪ್ರಮಾಣದಿಂದ ಗುಣಿಸಿ, ಅದಕ್ಕೆ ಒಂದು ವ್ಯತ್ಯಾಸವನ್ನು ಕೂಡಿಸಿದ್ದು, ಕಲಿಯಬೇಕಾದುದು ಆ ಪ್ರಮಾಣವನ್ನೂ ವ್ಯತ್ಯಾಸವನ್ನೂ ಮಾತ್ರ. 2008ರಲ್ಲಿ ಮೈಕ್ ಜೈಲ್ಸ್ ಹಣಕಾಸಿನ ಲೆಕ್ಕಗಳಿಗಾಗಿ ಬಹುಮಟ್ಟದ ಮಾಂಟೆ ಕಾರ್ಲೊ ತಂದರು. ಒರಟು ಮಟ್ಟದಲ್ಲಿ ಲಕ್ಷಗಟ್ಟಲೆ, ನಯವಾದ ಮಟ್ಟದಲ್ಲಿ ಬೆರಳೆಣಿಕೆಯಷ್ಟು ಸಲ ಓಡಿಸಿ, ಮಟ್ಟಗಳ ನಡುವಿನ ಅಂತರವನ್ನು ಅಂದಾಜಿಸುವ ಕ್ರಮವಿದು. ಇವು ಸರಾಸರಿಗಾಗಿ ಹುಟ್ಟಿದ ವಿಧಾನಗಳು ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು. ಮುಂದಿನ ತಕರಾರಿನ ಬೇರು ಇಲ್ಲಿದೆ.

ಕಂಡದ್ದರಿಂದ ಕಾಣದ್ದಕ್ಕೆ

ಒರಟು ಮತ್ತು ನಯವಾದ ಉತ್ತರಗಳಿಂದ ಅಂಕಿಗೆ ಬರುವ ಈ ಚರ್ಚೆಯಲ್ಲಿ ಮೂರು ಪಂಥಗಳಿವೆ. ಮೊದಲ ಪಂಥದವರ ಮಾತು ನೇರ. ದುಬಾರಿ ಸಿಮ್ಯುಲೇಷನ್ ಎಷ್ಟು ಸಾಧ್ಯವೋ ಅಷ್ಟು ಓಡಿಸಿ. ಒಂದು ಎತ್ತರದ ಮಿತಿ ದಾಟಿದ ಶಿಖರಗಳನ್ನಷ್ಟೇ ತೆಗೆದುಕೊಳ್ಳಿ. ಅವುಗಳಿಗೆ ಸೂಕ್ತ ರೇಖೆ ಹೊಂದಿಸಿ ಮುಂದಕ್ಕೆ ಎಳೆಯಿರಿ. ಮಿತಿ ಸಾಕಷ್ಟು ಎತ್ತರವಿದ್ದರೆ ವಿತರಣೆಯ ಬಾಲ, ಅಂದರೆ ಅಪರೂಪದ ದೊಡ್ಡ ಬೆಲೆಗಳಿರುವ ತುದಿ, ಒಂದೇ ಕುಟುಂಬದ ರೇಖೆಗಳಿಗೆ ಹೊಂದುತ್ತದೆ ಎಂದು 1974ರಲ್ಲಿ ಬಾಲ್ಕೆಮಾ ಮತ್ತು ಡಿ ಹಾನ್, 1975ರಲ್ಲಿ ಪಿಕಂಡ್ಸ್ ತೋರಿಸಿಕೊಟ್ಟಿದ್ದಾರೆ. ಮಳೆ, ನದಿ, ಗಾಳಿ, ವಿಮೆ ಎಲ್ಲದರಲ್ಲೂ ಇದು ದಿನಬಳಕೆಯ ಸಾಧನ.

ಹಡಗಿನ ವಿಷಯದಲ್ಲಿ ಇದು ಎಡವುವ ಜಾಗವನ್ನು ಹತ್ತಿರದಿಂದ ನೋಡಬೇಕು. ವಾಲಿದ ಹಡಗನ್ನು ನೀರು ಮತ್ತೆ ನೆಟ್ಟಗೆ ತಳ್ಳುತ್ತದೆ. ಸಣ್ಣ ಕೋನಗಳಲ್ಲಿ ಈ ಬಲ ಕೋನದ ಜೊತೆಗೇ ಬೆಳೆಯುತ್ತದೆ. ಒಂದು ಕೋನದಲ್ಲಿ ಅದು ಗರಿಷ್ಠ ಮುಟ್ಟಿ, ಆಮೇಲೆ ಇಳಿಯುತ್ತಾ, ಇನ್ನೊಂದು ಕೋನದಲ್ಲಿ ಸೊನ್ನೆಯಾಗುತ್ತದೆ. ಅದರಾಚೆ ಹಡಗು ಮರಳುವುದಿಲ್ಲ, ಮಗುಚುತ್ತದೆ. ಬಲ ಇಳಿಯತೊಡಗಿದ ಜಾಗದಲ್ಲಿ ಅದೇ ಅಲೆ ಹಡಗನ್ನು ಹಿಂದಿಗಿಂತ ಹೆಚ್ಚು ದೂರ ಒಯ್ಯುತ್ತದೆ, ಅಂದರೆ ಬಾಲ ದಪ್ಪವಾಗುತ್ತದೆ. ಬಲ ಬೆಳೆಯುತ್ತಿದ್ದ ಕಡೆಯ ದತ್ತಾಂಶದಿಂದ ಎಳೆದ ರೇಖೆಗೆ ಈ ತಿರುವಿನ ಸುಳಿವೇ ಇರುವುದಿಲ್ಲ. ಅಪಾಯ ಇರುವುದಕ್ಕಿಂತ ಕಡಿಮೆ ಎಂದು ಅದು ಹೇಳಿಬಿಡಬಹುದು. ವಾದಿಮ್ ಬೆಲೆಂಕಿ, ವ್ಲಾದಾಸ್ ಪಿಪಿರಾಸ್ ಮತ್ತು ಜೊತೆಗಾರರು ಈ ಅಂಶವನ್ನು ಮತ್ತೆ ಮತ್ತೆ ಒತ್ತಿ ಹೇಳಿದ್ದಾರೆ. ಲೆಕ್ಕವನ್ನು ಇಬ್ಭಾಗಿಸುವ ದಾರಿಯೊಂದನ್ನು ಬೆಲೆಂಕಿ ಸೂಚಿಸಿದರು. ಹಡಗು ಒಂದು ನಡುವಿನ ಕೋನವನ್ನು ಎಷ್ಟು ಸಲ ದಾಟುತ್ತದೆ ಎಂಬುದನ್ನು ನೇರವಾಗಿ ಎಣಿಸಬಹುದು. ಪ್ರತಿ ದಾಟುವಿಕೆಯ ಕ್ಷಣದಲ್ಲಿ, ಮಗುಚಲು ಇನ್ನೆಷ್ಟು ವೇಗ ಬೇಕಿತ್ತು ಎಂಬುದನ್ನು ಹಡಗನ್ನು ಹೆಚ್ಚೆಚ್ಚು ವೇಗದಿಂದ ತಳ್ಳಿ ನೋಡಿ ಕಂಡುಕೊಳ್ಳುವುದು ಎರಡನೆಯ ಹಂತ. ಎಳೆಯುವ ರೇಖೆ ಈಗ ಕೋನದ್ದಲ್ಲ, ಅಪಾಯಕ್ಕೆ ಉಳಿದಿದ್ದ ಅಂತರದ್ದು. ಭೌತವಿಜ್ಞಾನವನ್ನು ರೇಖೆಯೊಳಗೆ ಸೇರಿಸಿಕೊಂಡ ಈ ರೂಪದಲ್ಲೇ ಮೊದಲ ಪಂಥ ಹೆಚ್ಚು ಗಟ್ಟಿ ಎಂದು ನನಗೆ ಅನ್ನಿಸುತ್ತದೆ.

ಅಪರೂಪವನ್ನು ಬೇಕೆಂದೇ ಹುಟ್ಟಿಸುವವರು

ಎರಡನೆಯ ಪಂಥಕ್ಕೆ ಕಾಯುವುದೂ ಬೇಡ, ಎಳೆಯುವುದೂ ಬೇಡ. ಅಪಾಯದ ಅಲೆಗಳೇ ಹೆಚ್ಚು ಹುಟ್ಟುವಂತೆ ಸಮುದ್ರವನ್ನು ಬದಲಿಸಿ ಓಡಿಸಿ, ಆ ಬದಲಾವಣೆಗೆ ತಕ್ಕ ತೂಕ ಹಚ್ಚಿ ಉತ್ತರವನ್ನು ಸರಿಪಡಿಸುತ್ತಾರೆ. ಇಲ್ಲವೇ ಕಾನ್ ಮತ್ತು ಹ್ಯಾರಿಸ್ ದಾರಿಯಲ್ಲಿ, ಸ್ವಲ್ಪ ಅಪಾಯದತ್ತ ಸರಿದ ಓಟಗಳನ್ನು ಕವಲೊಡೆಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಹತ್ತರಲ್ಲೊಂದರಂತೆ ಆರು ಮೆಟ್ಟಿಲೇರಿದರೆ ಹತ್ತು ಲಕ್ಷಕ್ಕೊಂದು ತಲುಪಿದಂತಾಯಿತು. 2001ರಲ್ಲಿ ಔ ಮತ್ತು ಬೆಕ್ ಕಟ್ಟಡಗಳ ಸುರಕ್ಷತೆಗಾಗಿ ರೂಪಿಸಿದ ವಿಧಾನದ ತಿರುಳು ಇದೇ. 2018ರಲ್ಲಿ ರಾಗೊನೆ, ವೌಟರ್ಸ್ ಮತ್ತು ಬುಶೆ ಹವಾಮಾನ ಮಾದರಿಯಲ್ಲಿ ತೀವ್ರ ಬಿಸಿಗಾಳಿಯ ಬೇಸಿಗೆಗಳನ್ನು ಹೀಗೆಯೇ ಹುಟ್ಟಿಸಿದರು.

ಯಾವ ದಿಕ್ಕಿಗೆ ತಳ್ಳಬೇಕು ಎಂಬುದಕ್ಕೆ ದೊಡ್ಡ ವಿಚಲನೆಗಳ ಸಿದ್ಧಾಂತ ದಾರಿ ತೋರುತ್ತದೆ. ಚೆನ್ನೈನಲ್ಲಿ ಹುಟ್ಟಿದ ಎಸ್.ಆರ್. ಶ್ರೀನಿವಾಸ ವರದನ್ ಅವರಿಗೆ 2007ರ ಆಬೆಲ್ ಪ್ರಶಸ್ತಿ ಬಂದದ್ದು ಸಂಭವನೀಯತೆಯ ಕುರಿತಾದ ಕೆಲಸಕ್ಕೆ, ವಿಶೇಷವಾಗಿ ಈ ಸಿದ್ಧಾಂತಕ್ಕೆ. ಅಪರೂಪದ ಘಟನೆ ನಡೆದರೆ ಅದು ಬಹುಪಾಲು ತನಗಿರುವ ದಾರಿಗಳಲ್ಲಿ ಅತಿ ಹೆಚ್ಚು ಸಂಭವವಿರುವ ದಾರಿಯ ಆಸುಪಾಸಿನಲ್ಲೇ ನಡೆಯುತ್ತದೆ ಎಂಬುದು ಅದರಿಂದ ಸಿಗುವ ಮುಖ್ಯ ಒಳನೋಟ. ಅಥೆನ್ಸ್‌ನ ಸ್ಪೈರು ಮತ್ತು ಥೆಮೆಲಿಸ್ ಹಡಗಿನ ಮಟ್ಟಿಗೆ ಕೇಳಿದ್ದೂ ಇದಕ್ಕೆ ಹತ್ತಿರದ ಪ್ರಶ್ನೆ: ಯಾವ ಅಲೆಗಳ ಗುಂಪು ಈ ಹಡಗನ್ನು ಕೆಡವುತ್ತದೆ, ಅಂಥ ಗುಂಪು ಎದುರಾಗುವ ಸಂಭವವೆಷ್ಟು? ಘಟನೆಗೆ ದಾರಿ ಒಂದೇ ಆಗಿದ್ದರೆ ಈ ಪಂಥ ಅದ್ಭುತವಾಗಿ ಕೆಲಸ ಮಾಡುತ್ತದೆ. ನಾಲ್ಕಾರು ದಾರಿಗಳಿದ್ದು ಒಂದು ಮರೆತುಹೋದರೆ ಆ ಪಾಲು ಉತ್ತರದಿಂದಲೇ ಕಾಣೆಯಾಗುತ್ತದೆ, ಕಾಣೆಯಾಗಿದೆ ಎಂಬ ಗುರುತೂ ಉಳಿಯುವುದಿಲ್ಲ.

ಅಗ್ಗವನ್ನೂ ದುಬಾರಿಯನ್ನೂ ಕೂಡಿಸುವವರು

ಮೂರನೆಯ ಪಂಥ ಎರಡೂ ಬಗೆಯ ಮಾದರಿಗಳನ್ನು ಜೋಡಿಯಾಗಿ ಓಡಿಸುತ್ತದೆ: ಒಂದೇ ಸಮುದ್ರ, ಒಂದೇ ಅಲೆಗಳು, ಎರಡು ಉತ್ತರ. ಆ ಜೋಡಿಯನ್ನು ಬಳಸುವ ರೀತಿಯಲ್ಲಿ ಮಾತ್ರ ಒಳಜಗಳಗಳಿವೆ.

ಕೆಲವರು ಅಗ್ಗದ ಮಾದರಿಯನ್ನು ತಿದ್ದುಪಡಿಗೆ ಬಳಸುತ್ತಾರೆ. ಅಗ್ಗದ ಉತ್ತರವನ್ನು ಕೋಟಿ ಸಲ ಓಡಿಸಿ ಚೆನ್ನಾಗಿ ತಿಳಿದುಕೊಂಡಿರುತ್ತೇವೆ. ದುಬಾರಿಯ ಸಣ್ಣ ಮಾದರಿಯಲ್ಲಿ ಅಗ್ಗದ್ದು ಎಷ್ಟು ತಪ್ಪಿತೋ ಅದನ್ನು ನೋಡಿ ದುಬಾರಿಯ ಅಂದಾಜನ್ನು ಸರಿಪಡಿಸಬಹುದು. ಎರಡರ ನಡುವಿನ ಸಹಸಂಬಂಧ 0.9 ಇದ್ದರೆ ಅನಿಶ್ಚಿತತೆ, ಅದರ ವರ್ಗದ ಲೆಕ್ಕದಲ್ಲಿ, ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಇನ್ನು ಕೆಲವರು ಎರಡೂ ಮಾದರಿಗಳ ಬಾಲಗಳಿಗೆ ಒಂದೇ ಜಂಟಿ ವಿತರಣೆ ಹೊಂದಿಸಿ, ಅಗ್ಗದ ದತ್ತಾಂಶದಿಂದ ದುಬಾರಿಯ ಅಂದಾಜು ಎಷ್ಟು ಬಿಗಿಯಾಗಬಲ್ಲದು ಎಂದು ಕೇಳುತ್ತಾರೆ. ಅದಕ್ಕೆ ಅಳತೆಗೋಲಾಗಿ ನಿಲ್ಲುವುದು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1945ರಲ್ಲಿ ಪ್ರಕಟಿಸಿದ, ಕ್ರಾಮರ್–ರಾವ್ ಎಂದು ಹೆಸರಾದ ಮಿತಿ. ಒಂದೇ ಕಡೆಗೆ ವಾಲದ ಯಾವ ಅಂದಾಜೂ ಅದಕ್ಕಿಂತ ಹೆಚ್ಚು ನಿಖರವಾಗಲಾರದು.

ಮತ್ತೆ ಕೆಲವರಿಗೆ ಅಗ್ಗದ ಮಾದರಿ ಬರಿಯ ಜರಡಿ. ಅದು ಅನುಮಾನಿಸಿದ ಗಂಟೆಗಳನ್ನಷ್ಟೇ ದುಬಾರಿ ಮಾದರಿಗೆ ಒಪ್ಪಿಸುತ್ತಾರೆ. 2016ರಲ್ಲಿ ಪೆಹೆರ್ಸ್‌ಟಾರ್ಫರ್, ಕುಯ್, ಮರ್ಜೂಕ್ ಮತ್ತು ವಿಲ್‌ಕಾಕ್ಸ್ ತೋರಿಸಿದ ದಾರಿ ಇದರ ಎಚ್ಚರದ ರೂಪ: ಎಲ್ಲಿ ಹುಡುಕಬೇಕು ಎಂಬುದನ್ನು ಅಗ್ಗದ ಮಾದರಿ ಹೇಳುತ್ತದೆ, ಅಂಕಿ ಕೊಡುವುದು ದುಬಾರಿ ಮಾದರಿ ಮಾತ್ರ. 2011ರ ಹೊತ್ತಿಗೆ ಎಶಾರ್, ಗೇಟನ್ ಮತ್ತು ಲೆಮೇರ್ ಇನ್ನೊಂದು ಹೆಜ್ಜೆ ಇಟ್ಟಿದ್ದರು. ಅಗ್ಗದ ಮಾದರಿಯನ್ನೇ ದುಬಾರಿಯ ಉತ್ತರಗಳಿಂದ ಕಲಿಸಿ, ಅಪಾಯದ ಗಡಿಯ ಬಳಿ ಅದಕ್ಕೆ ಸಂಶಯ ಬಂದಲ್ಲೆಲ್ಲ ಮತ್ತೊಂದು ದುಬಾರಿ ಓಟ ಕೇಳುವ ವ್ಯವಸ್ಥೆ ಅದು.

ಜೋಡಿ ಎಲ್ಲಿ ಕೈಬಿಡುತ್ತದೆ

ಇಡೀ ವಿವಾದದ ಕೀಲು ನನ್ನ ದೃಷ್ಟಿಯಲ್ಲಿ ಇದು: ಸಾಮಾನ್ಯ ದಿನಗಳಲ್ಲಿ ಒಟ್ಟಿಗೆ ನಡೆಯುವ ಎರಡು ಮಾದರಿಗಳು ಕೆಟ್ಟ ದಿನದಲ್ಲೂ ಒಟ್ಟಿಗೆ ನಡೆಯುತ್ತವೆಯೇ? ಜಪಾನಿನ ಮಸಾಕಿ ಸಿಬುಯಾ 1960ರಲ್ಲೇ ಎಚ್ಚರಿಸಿದ್ದರು. ಎರಡು ರಾಶಿಗಳು ಗಂಟೆಯಾಕಾರದ ಜಂಟಿ ವಿತರಣೆಯಲ್ಲಿದ್ದರೆ, ಸಹಸಂಬಂಧ ಒಂದಕ್ಕಿಂತ ಎಷ್ಟೇ ಸ್ವಲ್ಪ ಕಡಿಮೆಯಿರಲಿ, ಕಟ್ಟಕಡೆಯ ತುದಿಗಳಲ್ಲಿ ಅವು ಒಂದಕ್ಕೊಂದು ಸಂಬಂಧವಿಲ್ಲದಂತೆ ಆಗಿಬಿಡುತ್ತವೆ.

ಲೆಕ್ಕ ಹಾಕಿಯೇ ನೋಡಬಹುದು. ಸಹಸಂಬಂಧ 0.9 ಇರಲಿ. ದುಬಾರಿ ಮಾದರಿಯ ಹತ್ತರಲ್ಲೊಂದು ಕೆಟ್ಟ ಗಂಟೆಗಳನ್ನು ತೆಗೆದುಕೊಂಡರೆ, ಅವುಗಳಲ್ಲಿ ಶೇ 70ರ ಆಸುಪಾಸು ಅಗ್ಗದ ಮಾದರಿಯ ಹತ್ತರಲ್ಲೊಂದು ಕೆಟ್ಟ ಗಂಟೆಗಳ ಪಟ್ಟಿಯಲ್ಲೂ ಇರುತ್ತವೆ. ಹತ್ತು ಲಕ್ಷಕ್ಕೊಂದು ಮಟ್ಟಕ್ಕೆ ಏರಿದಾಗ ಈ ಹೊಂದಿಕೆ ಸುಮಾರು ಶೇ 25ಕ್ಕೆ ಕುಸಿಯುತ್ತದೆ. ತಿದ್ದುಪಡಿಯ ವಿಧಾನದಿಂದ ಮೊದಲ ಮಟ್ಟದಲ್ಲಿ ಶೇ 40ಕ್ಕೂ ಹೆಚ್ಚು ದುಬಾರಿ ಓಟಗಳು ಉಳಿಯುತ್ತಿದ್ದವು; ಎರಡನೆಯದರಲ್ಲಿ ಉಳಿತಾಯ ಶೇ 7ರ ಹತ್ತಿರ, ಅಷ್ಟೇ. ಸರಾಸರಿಗಾಗಿ ಹುಟ್ಟಿದ ವಿಧಾನವನ್ನು ತುದಿಗೆ ಒಯ್ದಾಗ ಆಗುವುದು ಇದು.

ಅದೇ ಜೋಡಿಯನ್ನು ಜರಡಿಯಾಗಿ ಬಳಸಿದರೆ ಕಥೆ ಪೂರ್ತಿ ಬೇರೆ. ಅಗ್ಗದ ಮಾದರಿಗೆ ಸಾವಿರಕ್ಕೊಂದು ಕೆಟ್ಟದ್ದು ಎನ್ನಿಸಿದ ಎಲ್ಲ ಗಂಟೆಗಳನ್ನೂ ದುಬಾರಿಗೆ ಒಪ್ಪಿಸಿ: ಹತ್ತು ಲಕ್ಷಕ್ಕೊಂದು ಘಟನೆಗಳಲ್ಲಿ ತಪ್ಪಿಸಿಕೊಳ್ಳುವುದು ಸಾವಿರಕ್ಕೆ ಒಂದೆರಡು ಮಾತ್ರ. ಖರ್ಚು ಸಾವಿರದ ಒಂದು ಪಾಲು. ಮಾದರಿ ಬದಲಾಗಲಿಲ್ಲ, ಸಹಸಂಬಂಧ ಬದಲಾಗಲಿಲ್ಲ, ಅದರಿಂದ ಏನು ಕೇಳಿದೆವು ಎಂಬುದು ಬದಲಾಯಿತು. 'ಅಗ್ಗದ ಮಾದರಿ ಉಪಯುಕ್ತವೇ' ಎಂದು ಒಟ್ಟಾರೆ ವಾದಿಸುವವರು ಈ ವ್ಯತ್ಯಾಸವನ್ನು ಗಮನಿಸುವುದು ಕಡಿಮೆ.

ಆದರೆ ಈ ಭರವಸೆಯೂ ಗಂಟೆಯಾಕಾರದ ಊಹೆಯ ಮೇಲೆ ನಿಂತಿದೆ. ಎಪಿಎಲ್ ಚೈನಾಕ್ಕೆ ಆದದ್ದು ಆ ಊಹೆಯ ಹೊರಗಿನದು. ಅಲೆಯ ತಲೆ ಹಡಗಿನ ನಡುವಿಗೆ ಬಂದಾಗ ಅಗಲವಾಗಿ ಅರಳಿದ ಮೂತಿಯ ಮತ್ತು ಹಿಂಬದಿಯ ಭಾಗಗಳು ನೀರಿನಿಂದ ಮೇಲೇಳುತ್ತವೆ, ನೆಟ್ಟಗೆ ತಳ್ಳುವ ಬಲ ಕುಗ್ಗುತ್ತದೆ. ಅಲೆಯ ತಗ್ಗು ನಡುವಿಗೆ ಬಂದಾಗ ಅವೇ ಭಾಗಗಳು ಮುಳುಗಿ ಬಲ ಹೆಚ್ಚುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಹತ್ತಿರವಿದ್ದು, ಒಂದು ಪೂರ್ಣ ಹೊಯ್ದಾಟದ ಅವಧಿಯಲ್ಲಿ ಎರಡು ಅಲೆ ಹಾದುಹೋದರೆ, ಸಣ್ಣ ಹೊಯ್ದಾಟ ಪ್ರತಿ ಸಲವೂ ಬೆಳೆಯುತ್ತಾ ಹೋಗುತ್ತದೆ. ಎರಡಕ್ಕೊಂದರ ಈ ಲಯವನ್ನು ವಿಲಿಯಂ ಫ್ರೂಡ್ 1861ರಲ್ಲೇ ಗಮನಿಸಿದ್ದರು. ಹಡಗಿನ ಮೈ ಶಾಂತ ನೀರಿನಲ್ಲಿ ಇದ್ದಂತೆಯೇ ಇದೆ ಎಂದು ಭಾವಿಸುವ ರೇಖೀಯ ಮಾದರಿಯಲ್ಲಿ ತಳ್ಳುವ ಬಲ ಬದಲಾಗುವುದೇ ಇಲ್ಲ. ನೇರ ಎದುರಿನ ಅಲೆಗೆ ಅದು ಕೊಡುವ ಉತ್ತರ: ವಾಲುವಿಕೆ ಸೊನ್ನೆ. ಅಂಥ ಮಾದರಿ ಜರಡಿಯಾಗಿದ್ದರೆ ಆ ಅಕ್ಟೋಬರ್ ಗಂಟೆಯನ್ನು ಅದು ಎಂದೂ ಮೇಲೆ ಕಳಿಸುತ್ತಿರಲಿಲ್ಲ. ಸಿಂಪಲ್‌ಕೋಡ್ ಬರೆದವರಿಗೆ ಇದು ಗೊತ್ತಿತ್ತು. ಮುಳುಗಿದ ಮೈಯ ಆಕಾರವನ್ನು ಕ್ಷಣಕ್ಷಣಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಉಳಿಸಿಕೊಂಡು, ಉಳಿದ ನೀರಿನ ಪ್ರಭಾವಗಳನ್ನು ಸ್ಥಿರಾಂಕಗಳಿಗೆ ಇಳಿಸಿದರು. ಮಾದರಿಯನ್ನು ಅಗ್ಗ ಮಾಡುವಾಗ ಯಾವುದನ್ನು ಬಿಟ್ಟೆವು ಎಂಬುದು ಯಾವ ಸಹಸಂಬಂಧದ ಅಂಕಿಗಿಂತಲೂ ಮುಖ್ಯ.

ನಿಯಮಗಳ ಮೆಟ್ಟಿಲು

ಈ ಚಿಂತನೆ ನಿಯಮಗಳೊಳಗೂ ಬಂದಿದೆ. ಫಿನ್‌ಲ್ಯಾಂಡಿನ ರಾಹೋಲಾ 1939ರಲ್ಲಿ ಹಿಂದಿನ ದುರಂತಗಳನ್ನು ಕಲೆಹಾಕಿ ರೂಪಿಸಿದ ಮಾನದಂಡಗಳ ಜಾಡಿನಲ್ಲೇ ಹಡಗಿನ ಸ್ಥಿರತೆಯ ನಿಯಮಗಳು ದಶಕಗಳ ಕಾಲ ನಡೆದವು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2020ರಲ್ಲಿ ಎರಡನೆಯ ಪೀಳಿಗೆಯ ಸ್ಥಿರತೆಯ ಮಾನದಂಡಗಳಿಗೆ ತಾತ್ಕಾಲಿಕ ಮಾರ್ಗಸೂಚಿ ಹೊರಡಿಸಿತು. ಅಪಾಯದ ಐದು ಬಗೆಗಳನ್ನು ಅದು ಹೆಸರಿಸುತ್ತದೆ. ಎಪಿಎಲ್ ಚೈನಾದ ಹೊಯ್ದಾಟ ಅವುಗಳಲ್ಲೊಂದು. ಪರೀಕ್ಷೆಯ ಮೊದಲ ಹಂತ ಕೈಲೆಕ್ಕದಷ್ಟು ಸರಳ, ಎರಡನೆಯದು ಸ್ವಲ್ಪ ಕಠಿಣ, ಅದರಲ್ಲೂ ತೇರ್ಗಡೆಯಾಗದಿದ್ದರೆ ನೇರ ಸಿಮ್ಯುಲೇಷನ್. ಅಗ್ಗದಿಂದ ದುಬಾರಿಗೆ ಏರುವ ಜರಡಿಯೇ ಇದು. ಅದೇ ವರ್ಷದ ನವೆಂಬರ್ 30ರಂದು ಪೆಸಿಫಿಕ್‌ನಲ್ಲಿ 'ಒನ್ ಏಪಸ್' ಹಡಗು 1,816 ಕಂಟೇನರ್‌ಗಳನ್ನು ಕಳೆದುಕೊಂಡಿತು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದಾಗಿ, ಪರೀಕ್ಷೆಯ ಪ್ರಶ್ನೆ. ಹತ್ತು ಲಕ್ಷಕ್ಕೊಂದು ಎಂಬ ಉತ್ತರ ಸರಿಯೋ ತಪ್ಪೋ ಎಂದು ದುಬಾರಿ ಮಾದರಿಯಲ್ಲಿ ತಾಳೆ ನೋಡಲು ಆಗುವುದಾದರೆ ಅಂದಾಜಿನ ಅಗತ್ಯವೇ ಇರಲಿಲ್ಲ. ಈಗ ಮಾಡುತ್ತಿರುವುದು, ಅಗ್ಗದ ಮಾದರಿಯನ್ನೇ ಸತ್ಯವೆಂದು ಭಾವಿಸಿ ಅದರ ಮೇಲೆ ವಿಧಾನವನ್ನು ಪರೀಕ್ಷಿಸುವುದು. ಅಲ್ಲಿ ಗೆದ್ದದ್ದು ದುಬಾರಿಯ ಲೋಕದಲ್ಲೂ ಗೆಲ್ಲುತ್ತದೆ ಎನ್ನಲು ಸಾಮಾನ್ಯ ಪ್ರಮೇಯವಿಲ್ಲ.

ತುದಿಯಲ್ಲಿ ಎರಡು ಮಾದರಿಗಳು ಎಷ್ಟು ಹೊಂದುತ್ತವೆ ಎಂದು ಅಳೆಯಲೂ ತುದಿಯ ದುಬಾರಿ ಓಟಗಳೇ ಬೇಕು ಎಂಬುದು ಇನ್ನೂ ಕಗ್ಗಂಟು. ಲೆಡ್‌ಫರ್ಡ್ ಮತ್ತು ಟಾನ್ 1996ರಲ್ಲಿ ಈ ಹೊಂದಿಕೆ ಯಾವ ವೇಗದಲ್ಲಿ ಕುಗ್ಗುತ್ತದೆ ಎಂದು ಅಳೆಯುವ ದಾರಿ ಕೊಟ್ಟರು. ಆ ವೇಗವನ್ನೂ ಸಾಧಾರಣ ಎತ್ತರದ ದತ್ತಾಂಶದಿಂದ ಎಳೆದೇ ಊಹಿಸಬೇಕು. ದುಬಾರಿಯ ಓಟಗಳಿಂದ ಕಲಿತ ಯಂತ್ರಕಲಿಕೆಯ ಅಗ್ಗದ ಮಾದರಿಗಳು ಈಗ ಬರುತ್ತಿವೆ. ಅವು ಕಲಿತದ್ದು ಹೆಚ್ಚಾಗಿ ಸಾಧಾರಣ ಗಂಟೆಗಳಿಂದ. ಅವುಗಳಲ್ಲಿ ಯಾವ ಭೌತಿಕ ಅಂಶ ಬಿಟ್ಟುಹೋಗಿದೆ ಎಂದು ಹೇಳುವುದು ರೇಖೀಯ ಮಾದರಿಯಲ್ಲಿ ಹೇಳಿದಷ್ಟು ಸುಲಭವಲ್ಲ.

ದುಬಾರಿ ಮಾದರಿಯೇ ಕಡಲನ್ನು ಎಷ್ಟು ಹೋಲುತ್ತದೆ ಎಂಬುದೂ ತೀರ್ಮಾನವಾಗಿಲ್ಲ. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ವೇದಿಕೆಯಲ್ಲಿ 25.6 ಮೀಟರ್ ಎತ್ತರದ ಅಲೆ ದಾಖಲಾಯಿತು. ಆ ಹೊತ್ತಿನ ಗಣನೀಯ ಅಲೆಯ ಎತ್ತರ (ಅತಿ ಎತ್ತರದ ಮೂರನೆಯ ಒಂದು ಪಾಲು ಅಲೆಗಳ ಸರಾಸರಿ) 12 ಮೀಟರ್‌ನ ಆಸುಪಾಸು. ಸರಳ ಅಲೆಗಳನ್ನು ಕೂಡಿಸಿ ಕಟ್ಟಿದ ಸಮುದ್ರದಲ್ಲಿ ಅಂಥ ಅಲೆ ಬಹಳ ಅಪರೂಪ. ಅಲೆಗಳು ಒಂದರೊಡನೊಂದು ರೇಖೀಯವಲ್ಲದ ರೀತಿಯಲ್ಲಿ ವರ್ತಿಸುವುದು ಇದಕ್ಕೆ ಎಷ್ಟು ಕಾರಣ ಎಂಬ ವಾದ ಇಂದಿಗೂ ನಡೆದಿದೆ. ಅಗ್ಗದ್ದು, ದುಬಾರಿಯದ್ದು ಎರಡೂ ಒಂದೇ ಕೃತಕ ಸಮುದ್ರದ ಮೇಲೆ ಓಡುವುದರಿಂದ, ಸಮುದ್ರವೇ ತಪ್ಪಾಗಿದ್ದರೆ ಅವುಗಳ ನಡುವಿನ ಒಪ್ಪಿಗೆಯಲ್ಲಿ ಆ ತಪ್ಪು ಕಾಣಿಸುವುದಿಲ್ಲ. ಅದನ್ನು ಹೊರತರಲು ಬೇಕಾದ ಅಳತೆಗಳು ಬಿರುಗಾಳಿಯ ನಡುವೆ ಸಾಗುತ್ತಿರುವ ಹಡಗುಗಳಿಂದಲೇ ಬರಬೇಕು. ಅವನ್ನು ಯಾರು, ಎಷ್ಟು ಹಡಗುಗಳಲ್ಲಿ, ಯಾರ ಖರ್ಚಿನಲ್ಲಿ ಕೂಡಿಡಬೇಕು, ಕೂಡಿಟ್ಟದ್ದನ್ನು ಹಡಗಿನ ಮಾಲೀಕರು ಸಂಶೋಧಕರಿಗೆ ತೆರೆದಿಡಬೇಕೇ ಎಂಬುದು ಗಣಿತಜ್ಞರು ತಾವಾಗಿ ಬಗೆಹರಿಸಲಾಗದ ಪ್ರಶ್ನೆ.